ಅಣಕು ಮಂಗಳಯಾತ್ರೆಗೆ ವಂತಿಗೆ

ಕಳೆದ ತಿಂಗಳು ನಮ್ಮ ಕಚೇರಿಗೆ ಒಂದು ಮನವಿಪತ್ರ ಬಂದಿತು. ಕಳುಹಿಸಿದವರು ಒಂದು ಕಾಲೇಜಿನ ವಿಜ್ಞಾನ ಸಂಘದ ವಿದ್ಯಾರ್ಥಿಗಳು. ಕಾಲೇಜಿನ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಆರು ಮಂದಿ ಹತ್ತು ದಿನಗಳ ಕಾಲ ಒಂದೇ ಸೂರಿನಡಿಯಲ್ಲಿ ಹೊರಗಿನವರ ಮುಖ ನೋಡದೆ, ಮಂಗಳಗ್ರಹದಲ್ಲಿ ಇಳಿದವರಂತೆ ಬಾಳಿ, ಪ್ರಯೋಗಗಳನ್ನು ನಡೆಸುವುದು ಅವರ ಸಂಕಲ್ಪ. ಅದಕ್ಕೆ ಹಣ ಬೇಕು. ವಿಜ್ಞಾನಾಭಿಮಾನಿಗಳೂ ಉದ್ಯಮಪತಿಗಳೂ ಉದಾರವಾಗಿ ನೆರವಾಗಬೇಕೆಂದು ಕೇಳಿಕೊಂಡಿದ್ದರು. ಪತ್ರದ ಭಾಷೆ ಚೆನ್ನಾಗಿತ್ತು. ಉತ್ಸಾಹ ಭಾಷೆಗಿಂತಲೂ ಚೆನ್ನಾಗಿತ್ತು. ಓದಿ ನಮಗೆ ಸಂತೋಷವೇ ಆಯಿತು.

ಪತ್ರಕ್ಕೆ ಲಗತ್ತಿಸಿದ್ದ ಖರ್ಚಿನ ಅಂದಾಜುಪಟ್ಟಿಯನ್ನು ನೋಡಿದಾಗ ಆ ಸಂತೋಷ ಸ್ವಲ್ಪ ಮಾಸಿತು. ಬಿಳಿಯ ಉಡುಪುಗಳು, ಶಿರಸ್ತ್ರಾಣಗಳು, ಎದೆಯ ಮೇಲೆ ಹೊಲಿಸುವ ಲಾಂಛನ, ಉದ್ಘಾಟನೆಯ ದಿನದ ಶಾಮಿಯಾನ, ಚಿತ್ರ ತೆಗೆಯುವವರ ಸಂಭಾವನೆ - ಇವಕ್ಕೇ ಮುಕ್ಕಾಲು ಪಾಲು ಮೀಸಲಾಗಿತ್ತು. 'ಪ್ರಯೋಗ ಸಾಮಗ್ರಿ' ಎಂಬ ಒಂದು ಬಾಬಿನ ಎದುರಿಗೆ ಸಣ್ಣದೊಂದು ಮೊತ್ತ. ವೈದ್ಯರ ಮಾತೇ ಇಲ್ಲ. ಎಲ್ಲಕ್ಕಿಂತ ಕೆಳಗೆ, ಚಿಕ್ಕ ಅಕ್ಷರಗಳಲ್ಲಿ, ಹೀಗೊಂದು ಸಾಲು: 'ಯಾತ್ರಿಕರಾಗಬಯಸುವವರು ತಲಾ ೪೦,೦೦೦ ರೂಪಾಯಿಗಳನ್ನು ಮುಂಗಡವಾಗಿ ಪಾವತಿ ಮಾಡತಕ್ಕದ್ದು.'

ನಾವು ಈ ಲೇಖನವನ್ನು ಬರೆಯುತ್ತಿರುವುದು ಆ ಒಂದು ಸಾಲಿನ ದೆಸೆಯಿಂದ.

ಮೊದಲು ಅಣಕು ಯಾತ್ರೆಯೆಂದರೇನೆಂಬುದನ್ನು ತಿಳಿದುಕೊಳ್ಳೋಣ. ಅಣಕು ಎಂದ ಮಾತ್ರಕ್ಕೆ ಅದು ಗೇಲಿಯಲ್ಲ, ಮಕ್ಕಳಾಟವೂ ಅಲ್ಲ. ರಂಗಭೂಮಿಯವರು ತೆರೆ ಏಳುವುದಕ್ಕೆ ಮುಂಚೆ ತಿಂಗಳುಗಟ್ಟಲೆ ತಾಲೀಮು ನಡೆಸುವುದಿಲ್ಲವೆ? ಮಾತು ಎಲ್ಲಿ ಮರೆಯುತ್ತದೆ, ಕಾಲು ಎಲ್ಲಿ ಎಡವುತ್ತದೆ ಎಂಬುದು ತಾಲೀಮಿನಲ್ಲಿ ಬಯಲಾಗಬೇಕು. ಅಂತರಿಕ್ಷ ಯಾತ್ರೆಯ ತಾಲೀಮೂ ಅಂಥದೇ. ಮಂಗಳಕ್ಕೆ ಹೋದವರು ಅಲ್ಲಿ ಎಡವಿದರೆ ಎತ್ತಲು ಯಾರೂ ಇರುವುದಿಲ್ಲ. ಆದಕಾರಣ ಎಡವುವುದೇನಿದ್ದರೂ ಇಲ್ಲಿಯೇ, ಭೂಮಿಯ ಮೇಲೆಯೇ, ಆಗಿಹೋಗಲಿ ಎಂಬುದು ಇದರ ತತ್ತ್ವ. ಅಮೆರಿಕದ ಯೂಟಾ ಪ್ರಾಂತದ ಕೆಂಪು ಮರುಭೂಮಿಯಲ್ಲಿ, ಹ್ಯಾಂಕ್ಸ್‌ವಿಲ್ ಎಂಬ ಪುಟ್ಟ ಊರಿನ ಬಳಿ, ಮಾರ್ಸ್ ಸೊಸೈಟಿಯವರು ನಡೆಸುವ ಒಂದು ಠಾಣ್ಯವಿದೆ. ೨೦೦೨ರಿಂದ ಅಲ್ಲಿಗೆ ತಂಡದ ಮೇಲೆ ತಂಡ ಬಂದು, ಸಾಮಾನ್ಯವಾಗಿ ಎರಡೆರಡು ವಾರ ತಂಗುತ್ತಿವೆ. ಹೊರಗೆ ಕಾಲಿಡಬೇಕಾದರೆ ಶಿರಸ್ತ್ರಾಣ ಧರಿಸಬೇಕು. ನೀರನ್ನು ಅಳೆದು ಬಳಸಬೇಕು. ಫ್ರಾನ್ಸಿನ ತುಲೂಸ್ ನಗರದ ವಿಮಾನ ಮತ್ತು ವ್ಯೋಮ ವಿಜ್ಞಾನಗಳ ವಿದ್ಯಾಲಯದಿಂದ ಅನೇಕ ವರ್ಷಗಳಿಂದ ವಿದ್ಯಾರ್ಥಿಗಳ ತಂಡಗಳು ಅಲ್ಲಿಗೆ ಹೋಗಿಬರುತ್ತಿವೆ. ಹಿಂದೆ ಹೋಗಿಬಂದವರು ಹೊಸಬರಿಗೆ ದಾರಿ ತೋರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳಂತೂ ಇನ್ನೊಬ್ಬರ ಠಾಣ್ಯಕ್ಕೆ ಹೋಗದೆ, ತಾವೇ ಯಾತ್ರೆಯನ್ನು ರೂಪಿಸಿದರು. 'ಅಸ್ಕ್ಲೀಪಿಯಸ್' ಎಂಬ ಹೆಸರಿನ ಅವರ ಮೊದಲ ಯಾತ್ರೆ ೨೦೨೧ರಲ್ಲಿ ಆಲ್ಪ್ಸ್ ಪರ್ವತದ ಗ್ರಿಮ್ಸೆಲ್ ಪ್ರದೇಶದಲ್ಲಿ ನಡೆಯಿತು. ಯಾತ್ರಿಕರೂ ವಿದ್ಯಾರ್ಥಿಗಳೇ, ನಿಯಂತ್ರಣ ಕೊಠಡಿಯಲ್ಲಿ ಕುಳಿತವರೂ ವಿದ್ಯಾರ್ಥಿಗಳೇ.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದುಳಿದಿಲ್ಲ. ೨೦೨೫ರ ಆಗಸ್ಟಿನಲ್ಲಿ ಲಡಾಖಿನ ತ್ಸೋ ಕಾರ್ ಸರೋವರದ ಬಳಿ, ೪,೫೦೦ ಮೀಟರಿಗೂ ಮೀರಿದ ಎತ್ತರದಲ್ಲಿ, 'ಹೋಪ್' ಎಂಬ ಅಣಕು ನೆಲೆಯಲ್ಲಿ ಹತ್ತು ದಿನಗಳ ವಾಸ ನಡೆಯಿತು. ಅದನ್ನು ಕಟ್ಟಿದುದು ಬೆಂಗಳೂರಿನ ಪ್ರೋಟೋಪ್ಲಾನೆಟ್ ಸಂಸ್ಥೆ, ಜೊತೆಗೂಡಿದುದು ಇಸ್ರೋ. ಇದನ್ನು ಓದಿದ ವಿದ್ಯಾರ್ಥಿಗಳಿಗೆ 'ನಾವೂ ಏಕೆ ಮಾಡಬಾರದು?' ಎನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಎನ್ನಿಸಬೇಕು ಕೂಡ.

ಆದರೆ ಹಣ? ಇಂಥ ಕಾರ್ಯಕ್ಕೆ ಹಣವೆಷ್ಟು ಬೇಕು, ಯಾವುದಕ್ಕೆ ಬೇಕು ಎಂಬ ವಿಚಾರದಲ್ಲಿ ನಮ್ಮ ವಿದ್ಯಾರ್ಥಿಗಳ ಕಲ್ಪನೆ ಚಲಚ್ಚಿತ್ರಗಳಿಂದ ಬಂದುದೆಂದು ತೋರುತ್ತದೆ. ಕಣ್ಣಿಗೆ ಕಾಣುವುದೇ ಮುಖ್ಯವೆಂದು ಅವರು ಬಗೆದಿದ್ದಾರೆ. ನಡೆದ ಸಂಗತಿಗಳು ಬೇರೆಯೇ ಪಾಠವನ್ನು ಹೇಳುತ್ತವೆ.

ಮಾಸ್ಕೋ ನಗರದಲ್ಲಿ ೨೦೧೦ರ ಜೂನಿನಿಂದ ೨೦೧೧ರ ನವೆಂಬರಿನವರೆಗೆ ಆರು ಮಂದಿ ಗಂಡಸರು ೫೨೦ ದಿನಗಳ ಕಾಲ ಒಂದು ಕೃತಕ ನೌಕೆಯೊಳಗೆ ಬಾಗಿಲು ಹಾಕಿಕೊಂಡು ಬಾಳಿದರು. ಈ 'ಮಾರ್ಸ್-೫೦೦' ಪ್ರಯೋಗದಿಂದ ಬಂದ ಗಟ್ಟಿಯಾದ ತಿಳಿವಳಿಕೆಗಳಲ್ಲೊಂದು ನಿದ್ರೆಯನ್ನು ಕುರಿತದ್ದು. ದಿನ ಕಳೆದಂತೆ ಅವರ ಚಲನವಲನ ಕುಗ್ಗಿತು. ಮಲಗುವ ಮತ್ತು ಸುಮ್ಮನಿರುವ ಹೊತ್ತು ಹೆಚ್ಚಿತು. ಅವರಲ್ಲೊಬ್ಬನ 'ದಿನ' ೨೪ ಗಂಟೆಗಳಿಂದ ಜಾರಿ ಹೆಚ್ಚುಕಡಮೆ ೨೫ ಗಂಟೆಗಳದಾಗಿ, ಉಳಿದವರು ಮಲಗಿರುವಾಗ ಅವನು ಎಚ್ಚರವಾಗಿಯೂ ಅವರು ಎದ್ದಿರುವಾಗ ಇವನು ನಿದ್ರಿಸುತ್ತಲೂ ಇರುವ ಕಾಲ ಬಂದಿತು. ಇದನ್ನು ತಿಳಿಸಿಕೊಟ್ಟ ಉಪಕರಣ ಯಾವುದು? ಕೈಗಡಿಯಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಚಲನೆಯನ್ನೂ ಬೆಳಕನ್ನೂ ದಾಖಲಿಸುವ ಒಂದು ಪುಟ್ಟ ಯಂತ್ರ. ಅಂಥ ತತ್ತ್ವದಿಂದಲೇ ನಡೆಯುವ ಪಟ್ಟಿಗಳನ್ನು ಇಂದು ಎಷ್ಟೋ ಮಂದಿ ವಿದ್ಯಾರ್ಥಿಗಳು ಹೆಜ್ಜೆಯೆಣಿಕೆಗೆಂದು ಕೈಗೆ ಕಟ್ಟಿಕೊಂಡು ತಿರುಗುತ್ತಿದ್ದಾರೆ.

ಹಾಗೆಯೇ ಮಂಗಳಕ್ಕೂ ಭೂಮಿಗೂ ನಡುವಣ ಮಾತಿನ ವಿಳಂಬ. ಎರಡು ಗ್ರಹಗಳು ಸಮೀಪವಿದ್ದಾಗ ರೇಡಿಯೋ ಅಲೆ ಸುಮಾರು ೩ ನಿಮಿಷಗಳಲ್ಲಿ ತಲುಪುತ್ತದೆ. ಅತಿದೂರವಿದ್ದಾಗ ಸುಮಾರು ೨೨ ನಿಮಿಷ ಬೇಕು. ಪ್ರಶ್ನೆ ಹೋಗಿ ಉತ್ತರ ಬರುವುದಕ್ಕೆ ಮುಕ್ಕಾಲು ಗಂಟೆ! ಈ ವಿಳಂಬದಲ್ಲಿ ಮನುಷ್ಯರು ಹೇಗೆ ತೀರ್ಮಾನ ಕೈಕೊಳ್ಳುತ್ತಾರೆ, ಯಾವಾಗ ಸಿಟ್ಟಾಗುತ್ತಾರೆ, ಯಾವಾಗ ನಿಯಂತ್ರಣ ಕೊಠಡಿಯ ಮಾತನ್ನು ಕೇಳುವುದನ್ನೇ ಬಿಟ್ಟುಬಿಡುತ್ತಾರೆ - ಇದು ಅಭ್ಯಾಸಕ್ಕೆ ಯೋಗ್ಯವಾದ ವಿಷಯ. ಇದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ದಿನಚರಿ, ಮತ್ತು ನಿಯಮವನ್ನು ಮುರಿಯದ ಒಬ್ಬ ಕಟ್ಟುನಿಟ್ಟಿನ ಹುಡುಗಿ ಅಥವಾ ಹುಡುಗ. ೨೦೨೫ರಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಅವರ ಜೊತೆಯಲ್ಲಿ ಹೆಸರುಕಾಳೂ ಮೆಂತ್ಯವೂ ಹೋಗಿದ್ದವು. ಮೊಳಕೆಯ ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ್ದು. ಮೆಂತ್ಯಕ್ಕೆ ಎಷ್ಟು ಬೆಲೆಯೆಂದು ಮನೆಯಲ್ಲಿ ತಾಯಿಯವರನ್ನು ಕೇಳಬಹುದು.

ಹಾಗಾದರೆ ಹಣವೇ ಬೇಡವೆ? ಬೇಕು, ಆದರೆ ಮೊದಲು ಬೇಕಾದುದು ಯಾತ್ರಿಕರ ಜೀವರಕ್ಷಣೆಗೆ. ಒಂದು ಸಣ್ಣ ಲೆಕ್ಕವನ್ನು ಇಲ್ಲಿಯೇ ಮಾಡಿ ನೋಡೋಣ. ಒಬ್ಬ ಮನುಷ್ಯ ದಿನವೊಂದಕ್ಕೆ ಸುಮಾರು ೧ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ೪ ಮೀಟರ್ ಉದ್ದ, ೪ ಮೀಟರ್ ಅಗಲ, ೩ ಮೀಟರ್ ಎತ್ತರದ ಕೋಣೆಯಲ್ಲಿ ಹಿಡಿಸುವ ಗಾಳಿ ೪೮ ಘನಮೀಟರ್. ನಾಲ್ವರು ಅದರೊಳಗೆ ಸೇರಿಕೊಂಡು, ಕಿಟಕಿ ಬಾಗಿಲುಗಳ ಸಂದುಗಳನ್ನು ಅಂಟುಪಟ್ಟಿಯಿಂದ ಮುಚ್ಚಿದರೆನ್ನೋಣ. ದಿನಕ್ಕೆ ೪ ಕಿಲೋಗ್ರಾಂ, ಎಂದರೆ ಸುಮಾರು ೨.೨ ಘನಮೀಟರ್ ಅನಿಲ ಅಲ್ಲಿ ಶೇಖರವಾಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಈ ಅನಿಲದ ಪ್ರಮಾಣ ಶೇಕಡಾ ೦.೦೪ ಮಾತ್ರ. ಆ ಕೋಣೆಯಲ್ಲಿ ಐದಾರು ಗಂಟೆಗಳಲ್ಲೇ ಅದು ಶೇಕಡಾ ೧ನ್ನು ಮುಟ್ಟುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಶೇಕಡಾ ೪ನ್ನು ದಾಟುತ್ತದೆ. ತಲೆನೋವು, ಏದುಸಿರು, ಮಂಕು - ಆಮೇಲೆ ಪ್ರಾಣಾಪಾಯ. ಆದುದರಿಂದ ಯಾವ ವಿದ್ಯಾರ್ಥಿಯೂ ಕೋಣೆಯನ್ನು ಗಾಳಿಯಾಡದಂತೆ ಮುಚ್ಚಕೂಡದು. ಯೂಟಾದ ಠಾಣ್ಯದಲ್ಲಿಯೂ ಒಳಗಿರುವುದು ಹೊರಗಿನದೇ ಗಾಳಿ. ಬಾಗಿಲನ್ನು ಮುಚ್ಚುವುದು ನಿಯಮ, ಗಾಳಿಯನ್ನಲ್ಲ.

ಕೋಟಿಗಟ್ಟಲೆ ಡಾಲರುಗಳನ್ನು ಸುರಿದವರಿಗೂ ಗಾಳಿ ಪಾಠ ಕಲಿಸಿದೆ. ಅಮೆರಿಕದ ಆರಿಜೋನಾ ಪ್ರಾಂತದಲ್ಲಿ ಗಾಜಿನ ಮಹಾಮಂದಿರವೊಂದನ್ನು ಕಟ್ಟಿ, ಅದರೊಳಗೆ ಕಾಡು, ಹೊಲ, ಪುಟ್ಟ ಸಮುದ್ರ ಎಲ್ಲವನ್ನೂ ಇರಿಸಿ, ೧೯೯೧ರ ಸೆಪ್ಟೆಂಬರಿನಲ್ಲಿ ಎಂಟು ಮಂದಿ ಎರಡು ವರ್ಷಗಳ ವಾಸಕ್ಕೆ ಒಳಹೊಕ್ಕರು. 'ಬಯೋಸ್ಫಿಯರ್-೨' ಎಂದು ಅದರ ಹೆಸರು. ಶೇಕಡಾ ೨೧ರಷ್ಟಿದ್ದ ಆಮ್ಲಜನಕ ತಿಂಗಳು ತಿಂಗಳಿಗೂ ಇಳಿಯುತ್ತ ಹೋಗಿ ಶೇಕಡಾ ೧೪ರ ಆಸುಪಾಸಿಗೆ ಬಂದಿತು. ೧೯೯೩ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಎಲ್ಲಿ ಹೋಯಿತು ಅದು? ಫಲವತ್ತಾದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟವು. ಅದು ಗಾಳಿಯಲ್ಲಿ ಹೆಚ್ಚಿದ್ದರೆ ಕೂಡಲೇ ತಿಳಿಯುತ್ತಿತ್ತು. ಆದರೆ ಕಟ್ಟಡದ ಕಾಂಕ್ರೀಟು ಅದನ್ನು ಹೀರಿ ಸುಣ್ಣಕಲ್ಲಾಗಿಸಿಕೊಳ್ಳುತ್ತಿದ್ದುದರಿಂದ ಕಳ್ಳನ ಹೆಜ್ಜೆಯೇ ಕಾಣಲಿಲ್ಲ. ಇದು ಅಣಕು ಪ್ರಯೋಗಗಳ ಸೋಲೆಂದು ಅನೇಕರು ಬರೆದರು. ನಮ್ಮ ಮತದಲ್ಲಿ ಅದೇ ಅದರ ಗೆಲುವು. ಗೋಡೆಯೂ ಉಸಿರಾಡುತ್ತದೆಂಬುದು ಭೂಮಿಯ ಮೇಲೆ ತಿಳಿಯಿತಲ್ಲ!

ಆದುದರಿಂದ ವಿದ್ಯಾರ್ಥಿಗಳು ದಾನಿಗಳ ಬಾಗಿಲಿಗೆ ಹೋಗುವಾಗ ಉಡುಪಿನ ಚಿತ್ರವನ್ನಲ್ಲ, ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋಗತಕ್ಕದ್ದು. 'ನಾವು ಇಂಥದನ್ನು ಅಳೆಯಲಿದ್ದೇವೆ. ಅಳೆಯಲು ಇಂಥ ಉಪಕರಣ ಬೇಕು. ಅಪಾಯವಾದರೆ ನೋಡಿಕೊಳ್ಳಲು ವೈದ್ಯರಿಗೆ ಇಷ್ಟು, ವಿಮೆಗೆ ಇಷ್ಟು, ಗಾಳಿಯನ್ನು ಪರೀಕ್ಷಿಸುವ ಮಾಪಕಕ್ಕೆ ಇಷ್ಟು. ಉಡುಪಿಗೆ ಉಳಿದಷ್ಟು' - ಹೀಗೆ ಹೇಳಿದವರಿಗೆ ಒಂದು ರೂಪಾಯಿ ಕೊಟ್ಟವನೂ ತಾನು ಏನನ್ನು ಕೊಂಡೆನೆಂದು ಬಲ್ಲನು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾತ್ರಿಕರಾಗುವವರು ತಲಾ ಇಷ್ಟು ಕೊಡಬೇಕೆಂಬ ಪದ್ಧತಿ ನಮ್ಮ ವಿದ್ಯಾರ್ಥಿಗಳ ಸೃಷ್ಟಿಯಲ್ಲ. ಯೂಟಾದ ಠಾಣ್ಯದಲ್ಲಿಯೂ ತಂಡದವರು ಶುಲ್ಕ ತೆರಬೇಕು. ವಿಮಾನದ ಖರ್ಚು ಬೇರೆ. ಆ ಠಾಣ್ಯವನ್ನು ನಡೆಸುವವರಿಗೆ ಸರ್ಕಾರದ ಬೊಕ್ಕಸವಿಲ್ಲ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಹೋಗುವ ವಿದ್ಯಾರ್ಥಿಸಂಘ ಆ ಹೊರೆಯನ್ನು ಹೇಗೆ ಹಂಚಿಕೊಳ್ಳುತ್ತದೆಂಬುದು ಆ ಸಂಘದ ಕೈಯಲ್ಲಿಯೇ ಇದೆ. 'ಯಾರು ಕೊಡಬಲ್ಲರೋ ಅವರು ಹೋಗಲಿ' ಎಂದು ಒಮ್ಮೆ ಒಪ್ಪಿಕೊಂಡರೆ ಆಯ್ಕೆ ಮುಗಿದಂತೆಯೇ. ಪರೀಕ್ಷೆಯೂ ಬೇಡ, ಸಂದರ್ಶನವೂ ಬೇಡ. ತಂದೆಯ ಜೇಬೇ ಸಂದರ್ಶನ.

ಇದರಿಂದ ಅನ್ಯಾಯವಾಗುವುದು ಬಡ ವಿದ್ಯಾರ್ಥಿಗೆ ಮಾತ್ರವೆಂದು ತಿಳಿಯಬಾರದು, ಪ್ರಯೋಗಕ್ಕೂ ಆಗುತ್ತದೆ. ಹಣ ಕೊಟ್ಟು ಒಳಹೊಕ್ಕವನು ಪ್ರವಾಸಿ. ಮೂರನೆಯ ದಿನ ತಲೆನೋವೆಂದರೆ ಅವನನ್ನು ಹೊರಗೆ ಕಳುಹಿಸುವ ಧೈರ್ಯ ನಾಯಕನಿಗೆ ಬರುವುದಿಲ್ಲ, ಏಕೆಂದರೆ ಅವನು ೪೦,೦೦೦ ಕೊಟ್ಟಿದ್ದಾನೆ. ಪಾತ್ರೆ ತೊಳೆಯುವ ಸರದಿಯನ್ನು ತಪ್ಪಿಸಿದರೆ ಕೇಳುವವರಿಲ್ಲ, ಏಕೆಂದರೆ ಅವನು ೪೦,೦೦೦ ಕೊಟ್ಟಿದ್ದಾನೆ. ಇನ್ನೊಂದು ಮಾತು: ಕೆಡುವ ಪಂಪನ್ನು ಸರಿಮಾಡಬಲ್ಲ ಹುಡುಗ, ಐದು ಕೊಡ ನೀರಿನಲ್ಲಿ ಆರು ಮಂದಿಯ ದಿನ ಕಳೆಯಬಲ್ಲ ಹುಡುಗಿ, ಎಂಟು ಮಂದಿ ಇರುವ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಜಗಳವಾಗದಂತೆ ಬಾಳಿದವರು - ಇವರು ಯಾವ ಬಗೆಯ ಮನೆಗಳಿಂದ ಬರುವರೆಂದು ನಾವು ಹೇಳಬೇಕಾಗಿಲ್ಲ. ಬಯಲುಸೀಮೆಯ ಬೇಸಗೆಯನ್ನು ಕಂಡವರಿಗೆ ನೀರಿನ ಪಡಿತರದ ತಾಲೀಮು ಬೇರೆ ಬೇಕೆ?

ಕೂಡಿದ ಹಣಕ್ಕೂ ಅದನ್ನು ಬಳಸುವ ಮನುಷ್ಯನಿಗೂ ನಂಟಿರಬಾರದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಕಲಕತ್ತೆಯ ವೈದ್ಯರಾದ ಮಹೇಂದ್ರಲಾಲ ಸರ್ಕಾರರು, ಭಾರತೀಯರು ತಾವೇ ನಡೆಸುವ ಒಂದು ವಿಜ್ಞಾನ ಸಂಸ್ಥೆ ಬೇಕೆಂದು ೧೮೬೯ರಲ್ಲಿ ಬರೆದರು. ಆಮೇಲೆ ವರ್ಷಗಟ್ಟಲೆ ಮನೆಮನೆ ಅಲೆದು ವಂತಿಗೆ ಎತ್ತಿದರು. ರಾಜರೂ ಜಮೀನುದಾರರೂ ಕೊಟ್ಟರು, ವಿದ್ಯಾವಂತ ಗೃಹಸ್ಥರೂ ಕೊಟ್ಟರು. ೧೮೭೬ರಲ್ಲಿ ಸಂಸ್ಥೆ ಬಾಗಿಲು ತೆರೆಯಿತು. ಬಹುಕಾಲ ಅಲ್ಲಿ ಉಪನ್ಯಾಸಗಳು ನಡೆದುವೇ ಹೊರತು ಸಂಶೋಧನೆ ಅಷ್ಟಾಗಿ ನಡೆಯಲಿಲ್ಲ; ತಾವು ಪಟ್ಟ ಪಾಡೆಲ್ಲ ವ್ಯರ್ಥವಾಯಿತೆಂಬ ನೋವಿನಲ್ಲಿಯೇ ಸರ್ಕಾರರು ೧೯೦೪ರಲ್ಲಿ ತೀರಿಕೊಂಡರು. ೧೯೦೭ರಲ್ಲಿ ಸರ್ಕಾರದ ಹಣಕಾಸಿನ ಇಲಾಖೆಗೆ ನೇಮಕವಾಗಿ ಬಂದ ಮದರಾಸಿನ ಕಡೆಯ ತರುಣನೊಬ್ಬನು ಆ ಕಟ್ಟಡದ ಫಲಕವನ್ನು ಕಂಡು ಒಳಹೊಕ್ಕನು. ಕಚೇರಿಗೆ ಮುಂಚೆ ಮುಂಜಾನೆ, ಕಚೇರಿ ಮುಗಿದ ಮೇಲೆ ಸಂಜೆ, ಅಲ್ಲಿ ಪ್ರಯೋಗ ನಡೆಸತೊಡಗಿದನು. ೧೯೨೮ರಲ್ಲಿ ಅವನ ಹೆಸರಿನ ಪರಿಣಾಮ ಜಗತ್ತಿಗೆ ತಿಳಿಯಿತು. ಮುಂದೆ ಬೆಂಗಳೂರಿನವರೇ ಆಗಿ ನೆಲೆಸಿದ ಚಂದ್ರಶೇಖರ ವೆಂಕಟ ರಾಮನ್‌ರೇ ಆ ತರುಣರೆಂಬುದನ್ನು ವಾಚಕರು ಆಗಲೇ ಊಹಿಸಿರಬಹುದು. ಸಂಸ್ಥೆಗೆ ವಂತಿಗೆ ಕೂಡಿಸುತ್ತಿದ್ದಾಗ ರಾಮನ್ನರು ಹುಟ್ಟಿರಲೇ ಇಲ್ಲ. ಕೊಟ್ಟವರು ಯಾರಿಗಾಗಿ ಕೊಟ್ಟೆವೆಂದು ಅರಿಯರು. ಬಂದವರು ಬಾಗಿಲಿನಲ್ಲಿ ಹಣ ಎಣಿಸಲಿಲ್ಲ. ಬಾಗಿಲಿನಲ್ಲಿ ಮುಂಗಡ ಕೇಳಿದ್ದರೆ ಆ ತರುಣ ಅಧಿಕಾರಿ ಕೊಡುತ್ತಿದ್ದರೋ ಏನೋ. ಅವರ ಬಳಿಗೆ ಬಂದು ಸೇರಿದ ಬಡ ವಿದ್ಯಾರ್ಥಿಗಳಂತೂ ಹಿಂದಿರುಗಿ ಹೋಗುತ್ತಿದ್ದರು.

ನಮ್ಮ ಸಲಹೆ ಇಷ್ಟೆ: ಹಣ ಮೊದಲು, ಯಾತ್ರಿಕರು ಆಮೇಲೆ. ಸಂಘದವರೆಲ್ಲರೂ ಸೇರಿ ಹಣ ಕೂಡಿಸಲಿ. ಪೂರ್ಣ ಮೊತ್ತ ಕೈಸೇರುವವರೆಗೂ ಯಾರು ಒಳಗೆ ಹೋಗುವರೆಂಬುದನ್ನು ತೀರ್ಮಾನಿಸುವುದೇ ಬೇಡ. ಆಯ್ಕೆ ಮಾಡುವವರಿಗೆ ಯಾರು ಎಷ್ಟು ತಂದರೆಂಬ ಪಟ್ಟಿಯನ್ನು ತೋರಿಸಕೂಡದು. ಹೀಗೆ ಮಾಡಿದರೆ ಉತ್ಸಾಹ ತಗ್ಗೀತೆಂದು ಕೆಲವರು ಹೇಳುವರು: 'ತಾನು ಹೋಗುವೆನೋ ಇಲ್ಲವೋ ತಿಳಿಯದವನು ಬಿಸಿಲಿನಲ್ಲಿ ಏಕೆ ಅಲೆದಾನು?' ಈ ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ. ಅಲೆಯದವರು ಕೆಲವರು ಬಿಟ್ಟುಹೋಗಬಹುದು. ಹೋಗಲಿ. ಒಳಗೆ ಕುಳಿತ ಆರು ಮಂದಿಗಾಗಿ ಹೊರಗೆ ಹಗಲಿರುಳು ದುಡಿಯುವ ಇಪ್ಪತ್ತು ಮಂದಿಯಿಲ್ಲದೆ ಯಾವ ಅಂತರಿಕ್ಷ ಯಾತ್ರೆಯೂ ನಡೆದಿಲ್ಲ. ನಿಜವಾದುದೂ ಇಲ್ಲ, ಅಣಕಿನದೂ ಇಲ್ಲ.

ಈ ಮಾತಿಗೆ ಒಂದು ಕತೆಯನ್ನು ಸೇರಿಸದೆ ಇರಲಾರೆವು. ಯೂಟಾದ ಠಾಣ್ಯಕ್ಕೂ ಮುಂಚೆ ಮಾರ್ಸ್ ಸೊಸೈಟಿಯವರು ಕೆನಡಾದ ಉತ್ತರ ತುದಿಯಲ್ಲಿ, ಡೆವನ್ ಎಂಬ ನಿರ್ಜನ ದ್ವೀಪದಲ್ಲಿ, ಉಲ್ಕೆ ಬಿದ್ದು ಆದ ಹಾಟನ್ ಕುಳಿಯ ಬಳಿ ಒಂದು ನೆಲೆಯನ್ನು ಕಟ್ಟಿದರು. ೨೦೦೦ದ ಜುಲೈ ತಿಂಗಳು. ಕಟ್ಟಡದ ಭಾಗಗಳನ್ನು ವಿಮಾನದಿಂದ ಧುಮುಕುಕೊಡೆಗಳ ಮೂಲಕ ಇಳಿಸಲಾಯಿತು. ಒಂದು ಹೊರೆ ಮಾತ್ರ ಕೊಡೆಯಿಂದ ಕಳಚಿಕೊಂಡು ನೆಲಕ್ಕಪ್ಪಳಿಸಿತು. ಭಾರ ಎತ್ತುವ ಯಂತ್ರ, ಸಾಗಿಸುವ ಬಂಡಿ, ನೆಲಕ್ಕೆ ಹಾಸಬೇಕಾಗಿದ್ದ ಹಲಗೆಗಳು ಎಲ್ಲವೂ ನುಚ್ಚುನೂರು. ಕೂಲಿಗೆ ಗೊತ್ತುಮಾಡಿದ್ದ ಕಟ್ಟಡದ ಕೆಲಸಗಾರರು ಇನ್ನು ಆಗದೆಂದು ಹಿಂದಿರುಗಿದರು. ಉಳಿದವರು ಸ್ವಯಂಸೇವಕರೂ ವಿಜ್ಞಾನಿಗಳೂ ಅಲ್ಲಿಯ ಇನುಯಿಟ್ ಜನಾಂಗದ ಕೆಲವರು ತರುಣರೂ. ಅವರು ಮರದ ದಿಮ್ಮಿಗಳನ್ನು ತರಿಸಿ ನೆಲ ಹಾಸಿದರು. ಯಂತ್ರವಿಲ್ಲದೆ ಹಗ್ಗ, ಅಟ್ಟಣಿಗೆ, ತೋಳಿನ ಬಲಗಳಿಂದಲೇ ಗೋಡೆಗಳನ್ನೆತ್ತಿ ನಿಲ್ಲಿಸಿದರು. ಆ ತಿಂಗಳು ಮುಗಿಯುವುದರೊಳಗೆ ನೆಲೆ ನಿಂತಿತು. ಹಣ ಕೊಂಡುತಂದುದು ಒಡೆದುಹೋದ ಮೇಲೆ ಕೆಲಸಕ್ಕೆ ಬಂದುದು ಸೇರಿದ್ದ ಜನರ ಗುಣ.

ಅದೇ ನೆಲೆಯ ಹೆಸರಿನಲ್ಲಿ ಇನ್ನೊಂದು ಪಾಠವಿದೆ. ಹಣ ಕೊಟ್ಟ 'ಫ್ಲ್ಯಾಶ್‌ಲೈನ್' ಎಂಬ ವ್ಯಾಪಾರ ಸಂಸ್ಥೆಯ ಹೆಸರನ್ನು ಅದಕ್ಕೆ ಇಟ್ಟರು. ಆ ಸಂಸ್ಥೆ ೨೦೦೬ರಲ್ಲಿ ಬೇರೊಂದರಲ್ಲಿ ವಿಲೀನವಾಗಿಹೋಯಿತು. ಹೆಸರು ಮಾತ್ರ ಹಿಮದ ನಡುವೆ ಉಳಿದುಕೊಂಡಿದೆ. ದಾನಿಯ ಹೆಸರನ್ನು ಗೋಡೆಯ ಮೇಲೆ ಬರೆಯುವುದರಲ್ಲಿ ತಪ್ಪೇನೂ ಕಾಣೆವು. ನಮ್ಮ ದೇವಸ್ಥಾನಗಳ ಹಾಸುಗಲ್ಲಿನಲ್ಲಿಯೂ ವಿದ್ಯುತ್ ದೀಪದ ಪಟ್ಟಿಯ ಮೇಲೂ ದಾನಿಗಳ ಹೆಸರಿರುವುದುಂಟು. ಆದರೆ ಗೋಡೆ ಬೇರೆ, ದಿನಚರಿ ಬೇರೆ. ಪಾನೀಯ ಮಾರುವವರು ಹಣ ಕೊಟ್ಟರೆಂದು ಯಾತ್ರಿಕರು ದಿನಕ್ಕೆರಡು ಬಾರಿ ಆ ಪಾನೀಯವನ್ನು ಹೊಗಳುತ್ತ ಚಿತ್ರ ತೆಗೆಸಿಕೊಳ್ಳಬೇಕೆಂದಾದರೆ, ಅವರ ನಿದ್ರೆ, ಆಹಾರ, ಮನಃಸ್ಥಿತಿಗಳನ್ನು ಕುರಿತ ಅಂಕಿಗಳಿಗೆ ಬೆಲೆಯೆಲ್ಲಿ?

ಕಂಪನಿಗಳಲ್ಲಿ ಕೇಳುವವರು ಕಾನೂನನ್ನೂ ಸ್ವಲ್ಪ ತಿಳಿದಿರಬೇಕು. ೨೦೧೩ರ ಕಂಪನಿ ಕಾಯಿದೆಯಂತೆ, ಒಂದು ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ ೨ನ್ನು ಸಮಾಜಹಿತಕ್ಕೆ ವೆಚ್ಚ ಮಾಡಬೇಕು. ವಿದ್ಯಾಪ್ರಸಾರವೂ ಅದರಲ್ಲಿ ಸೇರಿದೆ. ಆದರೆ ನೋಂದಣಿಯೇ ಇಲ್ಲದ ವಿದ್ಯಾರ್ಥಿಸಂಘದ ಕೈಗೆ ಆ ಹಣ ಬರುವಂತಿಲ್ಲ; ನಡುವೆ ಅರ್ಹತೆ ಪಡೆದ ನೋಂದಾಯಿತ ಸಂಸ್ಥೆಯೊಂದು ನಿಲ್ಲಬೇಕು. ಅಮೆರಿಕದಲ್ಲಿರುವ ಕನ್ನಡಿಗ ಬಂಧುಗಳಲ್ಲಿ ಕೇಳುವವರಿಗೂ ಎಚ್ಚರಿಕೆ ಬೇಕು. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸಂಪಾದನೆಯಿಂದ ಕೊಟ್ಟರೆ ಅದು ವಿದೇಶೀ ದೇಣಿಗೆಯಲ್ಲ. ಅಲ್ಲಿಯ ಪೌರರೇ ಆಗಿಹೋದ ಚಿಕ್ಕಪ್ಪ ಕೊಟ್ಟರೆ, ಅವರು ಎಷ್ಟೇ ಹತ್ತಿರದವರಾಗಲಿ, ಸಂಘದ ಪಾಲಿಗೆ ಅದು ವಿದೇಶೀ ದೇಣಿಗೆಯೇ. ಅದಕ್ಕೆ ೨೦೧೦ರ ಕಾಯಿದೆಯ ಅನುಮತಿ ಬೇಕು. ಖಜಾಂಚಿಯಾದವನು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಇದಕ್ಕಿಂತ ಸುಗಮವಾದ ದಾರಿ ಕೂಡಿ ಮಾಡುವುದು. ೨೦೧೦ರ ಜುಲೈ ೧೨ರಂದು ಪಿ.ಎಸ್.ಎಲ್.ವಿ. ರಾಕೆಟ್ಟಿನಲ್ಲಿ ಮೇಲೇರಿದ 'ಸ್ಟಡ್‌ಸ್ಯಾಟ್' ಎಂಬ, ಒಂದು ಕಿಲೋಗ್ರಾಮಿಗೂ ಕಡಮೆ ತೂಕದ ಉಪಗ್ರಹವನ್ನು ಕಟ್ಟಿದವರು ಕರ್ನಾಟಕ ಮತ್ತು ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಒಂದು ಕಾಲೇಜಿಗೆ ಭಾರವಾದುದು ಏಳಕ್ಕೆ ಹಗುರ. ಮೂರು ತಾಲ್ಲೂಕುಗಳ ಮೂರು ಕಾಲೇಜುಗಳು ಸೇರಿ ಒಂದು ಅಣಕು ನೆಲೆಯನ್ನು ಏಕೆ ಕಟ್ಟಬಾರದು?

ಇನ್ನು ಹಿರಿಯರೊಬ್ಬರು ನಮ್ಮೊಡನೆ ವಾದಿಸಿದ ಒಂದು ಮಾತು. 'ಎಷ್ಟೋ ಪ್ರೌಢಶಾಲೆಗಳಲ್ಲಿ ಸೂಕ್ಷ್ಮದರ್ಶಕವೇ ಇಲ್ಲ. ಇರುವಲ್ಲಿ ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದಾರೆ. ಅಂಥ ನಾಡಿನಲ್ಲಿ ಹುಸಿ ಮಂಗಳಕ್ಕೆ ವಂತಿಗೆಯೆ?' ಈ ಪ್ರಶ್ನೆಗೆ ನಾವು ಹಾರಿಕೆಯ ಉತ್ತರ ಕೊಡಲಾರೆವು. ಉಡುಪಿಗೂ ಶಾಮಿಯಾನಕ್ಕೂ ಹೋಗುವ ಹಣವಾದರೆ ಅವರ ಮಾತೇ ಸರಿ; ಅದು ಸೂಕ್ಷ್ಮದರ್ಶಕಕ್ಕೇ ಹೋಗಲಿ. ಆದರೆ ಯಾತ್ರೆಗೆಂದು ಕೊಂಡ ಅನಿಲಮಾಪಕ, ತಾಪಮಾಪಕ, ತಕ್ಕಡಿ, ಸೂಕ್ಷ್ಮದರ್ಶಕಗಳು ಹನ್ನೊಂದನೆಯ ದಿನ ಮಾಯವಾಗುವುದಿಲ್ಲವಷ್ಟೆ. ಅವು ಯಾವ ಪ್ರೌಢಶಾಲೆಗೆ ಸೇರಬೇಕೆಂಬುದನ್ನು ಮನವಿಪತ್ರದಲ್ಲೇ ಮುಂಚಿತವಾಗಿ ಬರೆದುಬಿಡಬಹುದು. ಆಗ ದಾನಿ ಕೊಟ್ಟ ಹಣ ಎರಡು ಸಲ ಕೆಲಸ ಮಾಡುತ್ತದೆ. ಮತ್ತು ಆ ಉಪಕರಣಗಳನ್ನು ಒಪ್ಪಿಸಲು ಯಾತ್ರಿಕರೇ ಹೋಗಿ, ತಮ್ಮ ಹತ್ತು ದಿನಗಳ ಕತೆಯನ್ನೂ ತಮ್ಮ ತಪ್ಪುಗಳನ್ನೂ ಆ ಮಕ್ಕಳಿಗೆ ಹೇಳಿದರೆ, ಬೀರುವಿನ ಬೀಗ ತೆರೆಯುವ ಸಂಭವ ಹೆಚ್ಚು.

ಇಷ್ಟನ್ನೂ, ಇಷ್ಟು ಉದ್ದವಾಗಿ ಅಲ್ಲದಿದ್ದರೂ, ಆ ವಿದ್ಯಾರ್ಥಿಗಳಿಗೆ ಪತ್ರದ ಮೂಲಕ ತಿಳಿಸಿದೆವು. ಸಿಟ್ಟಾಗುವರೆಂದು ಭಾವಿಸಿದ್ದೆವು. ಎರಡು ವಾರಗಳಲ್ಲಿ ಹೊಸ ಪಟ್ಟಿ ಬಂದಿತು. ಶಾಮಿಯಾನ ಹೋಗಿದೆ. ಚಿತ್ರ ತೆಗೆಯುವವರು ಹೋಗಿ, ಸಂಘದವಳೇ ಒಬ್ಬಳು ತನ್ನ ಫೋನಿನಲ್ಲಿ ತೆಗೆಯುವುದೆಂದಾಗಿದೆ. ವೈದ್ಯರೊಬ್ಬರು ಸಂಭಾವನೆಯಿಲ್ಲದೆ ದಿನಕ್ಕೊಮ್ಮೆ ಬಂದುಹೋಗಲು ಒಪ್ಪಿದ್ದಾರೆ. ಹತ್ತು ದಿನ ಏಳಾಗಿದೆ. ನೆಲೆ ಒಂದು ಹಳೆಯ ತೆಂಗಿನಕಾಯಿ ಗೋದಾಮು, ಕಿಟಕಿಗಳು ತೆರೆದೇ ಇರತಕ್ಕವು, ಪರದೆ ಮಾತ್ರ. ಮಾತಿನ ವಿಳಂಬ ೧೨ ನಿಮಿಷ. ೪೦,೦೦೦ದ ಸಾಲು ಇಲ್ಲ. ಅದರ ಬದಲಿಗೆ ಆಯ್ಕೆಯ ದಿನಾಂಕವಿದೆ, ಅದು ಧನಸಂಗ್ರಹದ ಕೊನೆಯ ದಿನದಿಂದ ಒಂದು ವಾರ ಈಚೆಗೆ. ಉಡುಪು ಮಾತ್ರ ಉಳಿದುಕೊಂಡಿದೆ. 'ಸ್ವಾಮೀ, ಅದೊಂದನ್ನು ಬಿಡಲಾರೆವು. ಊರಿನ ದರ್ಜಿಯವರು ಅರ್ಧ ಬೆಲೆಗೆ ಹೊಲಿದುಕೊಡುತ್ತಾರೆ' ಎಂದು ಕಾರ್ಯದರ್ಶಿ ಬರೆದಿದ್ದಾಳೆ. ನಾವು ವಾದಿಸಲಿಲ್ಲ. ನಮ್ಮ ಪಾಲಿನ ವಂತಿಗೆಯನ್ನು ಅಂದೇ ಕಳುಹಿಸಿದ್ದೇವೆ. ರಸೀತಿ ಇನ್ನೂ ಬಂದಿಲ್ಲ, ಖಜಾಂಚಿಯವರು ಗಮನಿಸಬೇಕು.